‘ಸೂಪರ್ ಸರ್’ ಅಂತ ಕಾಮೆಂಟ್ ಹಾಕಿದವರಿಗೆ

1/10

ಇದು ಉದ್ದ ಇದೆ, ಮೊದಲೇ ಹೇಳ್ಬಿಡ್ತೀನಿ. ಹತ್ತು ಪೋಸ್ಟ್. ಈಗ ಟೈಮ್ ಇಲ್ಲ ಅಂದ್ರೆ ಸೇವ್ ಮಾಡ್ಕೊಂಡು ರೈಲಲ್ಲಿ ಓದಿ. ಆದ್ರೆ ಓದಿ.

ಹೋದ ತಿಂಗಳು ಒಂದು ರೀಲ್ ಓಡ್ತು. ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರ. ರಾತ್ರಿ ಹೊತ್ತು. ಜೀಪಿನ ಹೆಡ್‌ಲೈಟ್ ಬೆಳಕಲ್ಲಿ ಐದು ಜನ ಹುಡುಗರು ಕಿವಿ ಹಿಡ್ಕೊಂಡು ಬಸ್ಕಿ ಹೊಡೀತಿದ್ದಾರೆ. ಹಿಂದೆ ಸಿನಿಮಾ ಮ್ಯೂಸಿಕ್. ಮೇಲೆ ‘ರಾತ್ರಿ ಸುತ್ತುವ ಪುಂಡರಿಗೆ ಪಾಠ’ ಅಂತ ಬರಹ. ಕೆಳಗೆ ಬೆಂಕಿ ಎಮೋಜಿ, ಸಲ್ಯೂಟ್ ಎಮೋಜಿ, ‘ಸೂಪರ್ ಸರ್’, ‘ಇನ್ನೂ ನಾಲ್ಕು ಬಿಡಿ ಸರ್’. ನಮ್ಮ ಕ್ಲಾಸಿನವರದ್ದೇ ಏಳು ಕಾಮೆಂಟ್ ಎಣಿಸಿದೆ.

ಎಡಗಡೆಯಿಂದ ಮೂರನೆಯವನು ನಮ್ಮ ದೊಡ್ಡಮ್ಮನ ಮಗ. ನನಗೆ ಅಣ್ಣ. ವೈಟ್‌ಫೀಲ್ಡ್ ಕಡೆ ಒಂದು ಗೋಡೌನಲ್ಲಿ ಪ್ಯಾಕಿಂಗ್ ಕೆಲಸ. ಅವತ್ತು ಓಟಿ ಮುಗಿಸಿ ರಾತ್ರಿ ರೈಲಲ್ಲಿ ಬಂದು ಇಳಿದು ಮನೆಗೆ ನಡ್ಕೊಂಡು ಬರ್ತಿದ್ದ. ವಿಡಿಯೋ ನಿಲ್ಲಿಸಿ ಝೂಮ್ ಮಾಡಿದ್ರೆ ಕೊರಳಲ್ಲಿ ಕಂಪನಿ ಐಡಿ ಕಾರ್ಡ್ ಕಾಣ್ಸುತ್ತೆ. ಯಾರೂ ಝೂಮ್ ಮಾಡಿಲ್ಲ. ದೊಡ್ಡಮ್ಮ ಅದನ್ನ ಫ್ಯಾಮಿಲಿ ಗ್ರೂಪಲ್ಲೇ ನೋಡಿದ್ರು, ಯಾರೋ ನೆಂಟರು ನಗು ಎಮೋಜಿ ಹಾಕಿ ಫಾರ್ವರ್ಡ್ ಮಾಡಿದ್ರು.

ಊರು ಯಾವುದು, ಠಾಣೆ ಯಾವುದು ಅಂತ ನಾನು ಹೇಳಲ್ಲ. ಕಾಮೆಂಟಲ್ಲಿ ಕೇಳ್ಬೇಡಿ. ಒಬ್ಬರ ಹೆಸರು ಹೇಳಿದ್ರೆ ಮಾತೆಲ್ಲ ಆ ಒಬ್ಬರ ಮೇಲೇ ನಿಂತುಬಿಡುತ್ತೆ. ನನಗೆ ಜಗಳ ಇರೋದು ನಿಮ್ಮ ಆ ಎರಡು ಪದದ ಜೊತೆ.

2/10

ಮೊದಲು ಸರಳ ಪ್ರಶ್ನೆ. ರಾತ್ರಿ ಹತ್ತೂ ಮುಕ್ಕಾಲಿಗೆ ರಸ್ತೆಯಲ್ಲಿ ನಡೆಯೋದು ತಪ್ಪಾ?

ತಪ್ಪಲ್ಲ. ಯಾವ ಕಾಯ್ದೆಯಲ್ಲೂ ಇಲ್ಲ. ಗಲಾಟೆ ಆಗೋ ಹೊತ್ತಲ್ಲಿ ನಾವೆಲ್ಲ ‘144 ಹಾಕಿದ್ದಾರೆ’ ಅಂತೀವಲ್ಲ, ಅದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಅದನ್ನ ಹಾಕೋ ಅಧಿಕಾರ ಇರೋದು ಮ್ಯಾಜಿಸ್ಟ್ರೇಟ್‌ಗೆ. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಇಲ್ಲಾ ಅಧಿಕಾರ ಕೊಟ್ಟಿರೋ ತಹಶೀಲ್ದಾರ್. ಆದೇಶ ಬರವಣಿಗೆಯಲ್ಲಿ ಇರಬೇಕು, ಕಾರಣ ಇರಬೇಕು. ಬೆಂಗಳೂರಲ್ಲಿ ಪೊಲೀಸ್ ಕಮಿಷನರ್‌ಗೂ ಆ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ. ನಮ್ಮ ಕಡೆ ಕಮಿಷನರೇಟ್ ಇಲ್ಲ, ಎಸ್‌ಪಿ ವ್ಯವಸ್ಥೆ. ಇಲ್ಲಿ ‘ಹತ್ತು ಗಂಟೆ ಮೇಲೆ ಯಾರೂ ಓಡಾಡಬಾರದು’ ಅಂತ ಒಂದು ಜೀಪು ತಾನಾಗಿ ತೀರ್ಮಾನ ಮಾಡೋಕೆ ಆಗಲ್ಲ.

ಎರಡನೇ ಪ್ರಶ್ನೆ. ಬಸ್ಕಿ ಯಾವ ಶಿಕ್ಷೆ?

ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂ ತೆಗೆದು ನೋಡಿ. ಶಿಕ್ಷೆಗಳ ಪಟ್ಟಿ ಅಲ್ಲಿದೆ. ಮರಣದಂಡನೆ, ಜೀವಾವಧಿ, ಜೈಲು, ಆಸ್ತಿ ಮುಟ್ಟುಗೋಲು, ದಂಡ, ಹೊಸದಾಗಿ ಸೇರಿರೋ ಸಮುದಾಯ ಸೇವೆ. ಬಸ್ಕಿ ಇಲ್ಲ. ತಲೆ ಬೋಳಿಸೋದು ಇಲ್ಲ. ವಿಡಿಯೋ ಮಾಡಿ ಹಾಡು ಹಾಕೋದಂತೂ ಇಲ್ಲವೇ ಇಲ್ಲ. ಪಟ್ಟಿಯಲ್ಲಿರೋದನ್ನ ಕೊಡೋದು ಕೂಡ ಕೋರ್ಟು, ವಿಚಾರಣೆ ಆದ ಮೇಲೆ.

ಪೊಲೀಸರಿಗೆ ಅಧಿಕಾರವೇ ಇಲ್ವಾ ಅಂದ್ರೆ, ಇದೆ. ನಿಲ್ಲಿಸಿ ಕೇಳಬಹುದು. ಸರಿಯಾದ ಅನುಮಾನ ಇದ್ರೆ ಬಂಧಿಸಬಹುದು. ಬಂಧಿಸಿದ್ರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಬಂಧನದ ಮೆಮೋ ಬರೆಯಬೇಕು, ಪೊಲೀಸರ ಹೆಸರಿನ ಪಟ್ಟಿ ಕಾಣಿಸಬೇಕು ಅಂತ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಹೇಳಿದೆ. ಅಣ್ಣನ ಮೇಲೆ ಕೇಸ್ ಇಲ್ಲ, ಮೆಮೋ ಇಲ್ಲ, ನೋಟಿಸ್ ಇಲ್ಲ. ಕಾಗದದ ಮೇಲೆ ಏನೂ ಆಗಿಲ್ಲ. ಫೋನಲ್ಲಿ ಮಾತ್ರ ಶಾಶ್ವತವಾಗಿ ಆಗಿದೆ.

3/10

ಈಗ ನಮ್ಮೂರಿನ ವಿಚಿತ್ರಕ್ಕೆ ಬನ್ನಿ. ಇದು ಎಷ್ಟು ಜನಕ್ಕೆ ಗೊತ್ತೋ ಗೊತ್ತಿಲ್ಲ, ದಿನಾ ಕಣ್ಣ ಮುಂದೆ ಇದ್ರೂ ನಾನೇ ಪಿಯುಸಿವರೆಗೂ ಗಮನಿಸಿರಲಿಲ್ಲ.

ಕೆಜಿಎಫ್ ಜಿಲ್ಲೆ ಅಲ್ಲ. ಜಿಲ್ಲೆ ಕೋಲಾರ. ಡಿಸಿ ಕೂರೋದು ಕೋಲಾರದಲ್ಲಿ. ಆದ್ರೆ ಕೆಜಿಎಫ್ ಒಂದು ಪೊಲೀಸ್ ಜಿಲ್ಲೆ. ಇಲ್ಲಿಗೇ ಅಂತ ಬೇರೆ ಎಸ್‌ಪಿ ಇದ್ದಾರೆ. ಬಂಗಾರಪೇಟೆ, ಬೇತಮಂಗಲ ಠಾಣೆಗಳೂ ಈ ಕಡೆಗೇ ಬರ್ತವೆ, ಕೋಲಾರದ ಎಸ್‌ಪಿ ಕೆಳಗೆ ಅಲ್ಲ.

ತಾಲ್ಲೂಕು? ಕೆಜಿಎಫ್ ತಾಲ್ಲೂಕಾಗಿದ್ದೇ 2018ರಲ್ಲಿ. ಅಲ್ಲಿವರೆಗೂ ತಾಲ್ಲೂಕು ಕಚೇರಿ ಕೆಲಸ ಅಂದ್ರೆ ಬಂಗಾರಪೇಟೆಗೆ ಓಡಬೇಕಿತ್ತು. ಅಂದ್ರೆ ಲೆಕ್ಕ ಹಾಕಿ. ನಮ್ಮ ಊರಿಗೆ ತಹಶೀಲ್ದಾರ್ ಬರೋಕೆ ಎಷ್ಟೋ ದಶಕ ಮುಂಚೆಯೇ ಬೇರೆ ಎಸ್‌ಪಿ ಇದ್ದರು.

ಯಾಕೆ? ಜನ ಜಾಸ್ತಿ ಅಂತ ಅಲ್ಲ. ಜನಕ್ಕಾಗಿ ಆಗಿದ್ರೆ ತಾಲ್ಲೂಕು ಕಚೇರಿಯೂ ಜೊತೆಯಲ್ಲೇ ಬರ್ತಿತ್ತು. ಇಲ್ಲಿ ಕಾಯೋದಕ್ಕೆ ಬಂಗಾರ ಇತ್ತು.

4/10

ಸ್ವಲ್ಪ ಇತಿಹಾಸ. ಬೇಜಾರು ಮಾಡಲ್ಲ, ಬೇಗ ಮುಗಿಸ್ತೀನಿ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಕಂಪನಿಗೆ ದೊಡ್ಡ ಭಯ ಬಂಗಾರ ಕಳ್ಳತನದ್ದು. ಹಂಗಾಗಿ ಊರು ಕಟ್ಟಿದ ರೀತಿಯೇ ಬೇರೆ. ಲೈನ್ ಮನೆಗಳು ಕಂಪನಿಯವು, ರಸ್ತೆ ಕಂಪನಿಯದು, ನೀರು ಕಂಪನಿಯದು, ಕಾವಲು ವಾಚ್ ಅಂಡ್ ವಾರ್ಡ್‌ದು. ಅದರ ಮೇಲೆ ಮೈಸೂರು ಸಂಸ್ಥಾನದ ಗಣಿ ಕಾನೂನು. ಲೆಕ್ಕ ಇಲ್ಲದ ಅದಿರು ನಿಮ್ಮ ಕೈಯಲ್ಲಿ ಸಿಕ್ಕಿದ್ರೆ ಅದೇ ಅಪರಾಧ. ಕೆಲಸಗಾರ ಅಂದ್ರೆ ಮೊದಲು ಅನುಮಾನಿತ, ಆಮೇಲೆ ಮನುಷ್ಯ.

1930ರಲ್ಲಿ ಕೆಲಸಗಾರರೆಲ್ಲ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಣಿ ಮಾಡಿಸಬೇಕು ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದ್ರು. ಕೂಲಿಗಿಂತ ಮುಂಚೆ ಮರ್ಯಾದೆಗೆ ಮುಷ್ಕರ ಮಾಡಿದ ಊರು ಇದು. 1946ರಲ್ಲಿ ಮುಷ್ಕರದ ಹೊತ್ತಲ್ಲಿ ಇಲ್ಲೇ ಗೋಲಿಬಾರ್ ಆಗಿ ಕಾರ್ಮಿಕರು ಸತ್ತರು. ಪ್ರತಿ ನವೆಂಬರಲ್ಲಿ ಅವರ ನೆನಪಿಗೆ ಕೆಂಪು ಬಾವುಟ ಹಿಡ್ಕೊಂಡು ವಯಸ್ಸಾದ ತಾತಂದಿರು ನಿಂತಿರ್ತಾರೆ. ನಾವು ಬೈಕಲ್ಲಿ ದಾಟಿ ಹೋಗ್ತೀವಿ.

ಇನ್ನೊಂದು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು ನಮ್ಮೂರಿಗೆ. ಬೆಂಗಳೂರಿಗಿಂತ ಮುಂಚೆ. ಹೆಮ್ಮೆಯಿಂದ ಸ್ಟೇಟಸ್ ಹಾಕ್ತೀವಿ. ಆದ್ರೆ ಆ ಕರೆಂಟ್ ತಂದಿದ್ದು ಗಣಿಗೆ. ಲೈನ್ ಮನೆಯ ಅಮ್ಮಂದಿರು ಕತ್ತಲಲ್ಲಿ ಬೀಳಬಾರದು ಅಂತ ಯಾರೂ ಕಾವೇರಿಯಿಂದ ತಂತಿ ಎಳೆದಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಂಗಾರ ಹೋಯ್ತು. ಕಾವಲು ಉಳೀತು. ಕಾವಲಿನ ಹಿಂದೆ ಇದ್ದ ಆ ಅನುಮಾನವೂ ಉಳೀತು.

5/10

ಸರಿ, ಹಂಗಾದ್ರೆ ಊರಿನ ಸರ್ಕಾರ ಎಲ್ಲಿದೆ? ರಾಬರ್ಟ್‌ಸನ್‌ಪೇಟೆ ನಗರಸಭೆ ಇದೆ. 35 ವಾರ್ಡು. ಆ ಕಡೆ ಬಂಗಾರಪೇಟೆಗೆ ಪುರಸಭೆ ಇದೆ. ಎರಡೂ ನಡೆಯೋದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ ಮೇಲೆ.

ಬಿಕಾಂ ಓದೋರಿಗೆ ಒಂದು ಸುಲಭ ದಾರಿ ಇದೆ. ಯಾವ ಸಂಸ್ಥೆ ಆದ್ರೂ ಸರಿ, ಅಧಿಕಾರ ಯಾರದು ಅಂತ ತಿಳೀಬೇಕಾದ್ರೆ ಬೋರ್ಡ್ ಮೇಲಿನ ಹೆಸರು ನೋಡಬಾರದು, ಕೊನೇ ಸಹಿ ಯಾರದು ಅಂತ ನೋಡಬೇಕು. ನೋಡೋಣ.

ಪೌರಾಯುಕ್ತರನ್ನ ನೇಮಿಸೋದು, ವರ್ಗ ಮಾಡೋದು? ರಾಜ್ಯ ಸರ್ಕಾರ.
ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಮೀಸಲು ಅಂತ ಪಟ್ಟಿ ಕೊಡೋದು? ರಾಜ್ಯ ಸರ್ಕಾರ.
ನಗರಸಭೆ ನಿರ್ಣಯ ಜಾರಿ ಆಗದ ಹಾಗೆ ತಡೆಯೋದು? ಜಿಲ್ಲಾಧಿಕಾರಿಗೆ ಆ ಅಧಿಕಾರ ಇದೆ.
ಸಭೆಯನ್ನೇ ವಿಸರ್ಜಿಸೋದು? ರಾಜ್ಯ ಸರ್ಕಾರ.
ವೋಟು ಹಾಕೋದು? ನಾವು.

ಆ ವೋಟಿನ ಕಥೆಯೂ ಕೇಳಿ. ರಾಬರ್ಟ್‌ಸನ್‌ಪೇಟೆಗೆ 2019ರ ನವೆಂಬರ್ 12ಕ್ಕೆ ಮತದಾನ ಆಯ್ತು, 14ಕ್ಕೆ ಫಲಿತಾಂಶ. ಗೆದ್ದವರು ಹಾರ ಹಾಕಿಸ್ಕೊಂಡ್ರು. ಆಮೇಲೆ ಸುಮ್ಮನೆ ಕೂತರು, ಯಾಕಂದ್ರೆ ಅಧ್ಯಕ್ಷ ಸ್ಥಾನದ ಮೀಸಲಾತಿ ವಿಚಾರ ಇತ್ಯರ್ಥ ಆಗೋಕೆ ಸುಮಾರು ಒಂದು ವರ್ಷ ಹಿಡೀತು. ರಾಜ್ಯದ ಎಷ್ಟೋ ಊರುಗಳಲ್ಲಿ ಇದೇ ಗತಿ. ಆ ಅವಧಿಯಲ್ಲೇ ಕೋವಿಡ್ ಬಂತು. ಅಧ್ಯಕ್ಷರಿಲ್ಲದ ನಗರಸಭೆ, ಲಾಠಿ ಇರೋ ಲಾಕ್‌ಡೌನ್. ಯಾವುದು ಇಲ್ಲದೆ ಇದ್ರೂ ನಡೆಯುತ್ತೆ, ಯಾವುದು ಇರಲೇಬೇಕು ಅಂತ ಮೇಲಿನವರಿಗೆ ಅನ್ನಿಸಿದೆ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಬೆಂಗಳೂರಿನವರೂ ನಗೋ ಹಾಗಿಲ್ಲ. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿದ್ರು.

6/10

ಇದಿಷ್ಟೇ ಆಗಿದ್ರೆ ನಮ್ಮದು ಎಲ್ಲ ಊರಿನ ಕಥೆ ಆಗ್ತಿತ್ತು. ನಮಗೆ ಬೇಲಿ ಬೇರೆ ಇದೆ.

ಊರಿನ ನಡುವೆ, ಸುತ್ತಲೂ, ಬಿಜಿಎಂಎಲ್ ಜಾಗ. ಸುಮಾರು 12 ಸಾವಿರ ಎಕರೆ. ಕೇಂದ್ರ ಸರ್ಕಾರದ ಕಂಪನಿ. ಲೈನ್ ಮನೆಗಳಲ್ಲಿ ಮೂರು ತಲೆಮಾರಿನಿಂದ ಇರೋರು ಇವತ್ತಿಗೂ ಹಕ್ಕುಪತ್ರ ಕೇಳ್ತಾನೇ ಇದ್ದಾರೆ. ನಾವು ವೋಟು ಹಾಕೋದು ನಗರಸಭೆಗೆ, ಮನೆ ಜಾಗ ಕಂಪನಿಯದು, ಕಂಪನಿಯ ಯಜಮಾನರು ದೆಹಲಿಯಲ್ಲಿ. ಚರಂಡಿ ಕಟ್ಟಿದ್ರೆ ಯಾರನ್ನ ಕೇಳೋದು ಅಂತ ಕೌನ್ಸಿಲರ್‌ಗೂ ಗೊಂದಲ.

ಜವಾಬ್ದಾರಿ ಹಿಂಗೆ ಜಾರಿದ್ರೆ ಏನಾಗುತ್ತೆ ಅಂತ ಈ ಊರು ಜಗತ್ತಿಗೇ ತೋರಿಸಿದೆ. ಬೆಜವಾಡ ವಿಲ್ಸನ್ ಗೊತ್ತಾ? 2016ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದವರು. ಹುಟ್ಟಿದ್ದು ಕೆಜಿಎಫ್‌ನಲ್ಲಿ. ಇಲ್ಲಿನ ಗಣಿ ಕಾಲೊನಿಯ ಒಣ ಶೌಚಾಲಯಗಳಲ್ಲಿ ಮನುಷ್ಯರೇ ಮಲ ಹೊರುತ್ತಿದ್ದರು, ಅವರ ಮನೆಯವರೂ ಅದೇ ಕೆಲಸದಲ್ಲಿದ್ದರು. ಅದನ್ನ ನಿಷೇಧಿಸೋ ಕಾಯ್ದೆ 1993ರಲ್ಲಿ ಬಂದ ಮೇಲೂ ಅದು ತಾನಾಗಿ ನಿಲ್ಲಲಿಲ್ಲ. ಪತ್ರ ಬರೆದು, ಫೋಟೋ ತೆಗೆದು, ಹಠ ಹಿಡಿದು ನಿಲ್ಲಿಸಬೇಕಾಯ್ತು. ಬಂಗಾರದ ಒಂದು ಚೂರು ಆಚೆ ಹೋದ್ರೆ ಹಿಡಿಯೋ ವ್ಯವಸ್ಥೆ ಇದ್ದ ಊರಲ್ಲಿ, ತಲೆ ಮೇಲೆ ಮಲ ಹೊರೋದು ಯಾರ ಕಣ್ಣಿಗೂ ಅಪರಾಧವಾಗಿ ಬೀಳಲಿಲ್ಲ. ಇದನ್ನ ಎರಡು ಸಲ ಓದಿ.

ಇವತ್ತಿನ ವಿಷಯಕ್ಕೆ ಬರೋಣ. ಸೈನೈಡ್ ದಿಬ್ಬಗಳು. ಗಾಳಿ ಬೀಸಿದ್ರೆ ಧೂಳು ನಮ್ಮ ಮನೆಯ ಪಾತ್ರೆ ಮೇಲೆ, ಒಣಗಿ ಹಾಕಿದ ಬಟ್ಟೆ ಮೇಲೆ. 2024ರ ಜೂನಲ್ಲಿ ಆ 13 ದಿಬ್ಬಗಳಿಂದ ಮತ್ತೆ ಬಂಗಾರ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಡ್ತು. ಸುಮಾರು ಸಾವಿರ ಎಕರೆ. ಕೆಲಸ ಬರಬಹುದು, ಒಳ್ಳೇದೂ ಆಗಬಹುದು, ನಾನು ವಿರೋಧಿ ಅಲ್ಲ. ಆದ್ರೆ ಪ್ರಸ್ತಾವ ದೆಹಲಿಯದು, ಒಪ್ಪಿಗೆ ಬೆಂಗಳೂರಿಂದು, ಧೂಳು ಮಾತ್ರ ನಮ್ಮದು.

ಇನ್ನೊಂದು ಎಚ್ಚರಿಕೆ. ಸಂವಿಧಾನದ 243ಕ್ಯೂ ವಿಧಿಯಲ್ಲಿ ಒಂದು ಸಣ್ಣ ವಾಕ್ಯ ಇದೆ. ಒಂದು ಕೈಗಾರಿಕಾ ಸಂಸ್ಥೆಯೇ ನೀರು, ದೀಪ, ರಸ್ತೆ ನೋಡ್ಕೊಳ್ತೀನಿ ಅಂದ್ರೆ ಆ ಜಾಗವನ್ನ ‘ಕೈಗಾರಿಕಾ ಟೌನ್‌ಶಿಪ್’ ಅಂತ ಘೋಷಿಸಿ ಅಲ್ಲಿ ನಗರಸಭೆಯೇ ಇಲ್ಲದ ಹಾಗೆ ಮಾಡಬಹುದು. ನಾಳೆ ಯಾರಾದ್ರೂ ‘ಕೆಜಿಎಫ್‌ಗೆ ಟೌನ್‌ಶಿಪ್ ಬರ್ತಿದೆ’ ಅಂತ ಪಟಾಕಿ ಹೊಡೆದ್ರೆ, ಅಲ್ಲಿ ನಮಗೆ ವೋಟು ಇರುತ್ತಾ ಅಂತ ಮೊದಲು ಕೇಳಿ.

7/10

ಬಂಗಾರಪೇಟೆಯವರು ‘ಇದೆಲ್ಲ ಕೆಜಿಎಫ್ ಗೋಳು’ ಅಂತ ಸ್ವೈಪ್ ಮಾಡ್ಬೇಡಿ. ನಿಮ್ಮ ಪಾನಿಪೂರಿ ವಿಷಯಕ್ಕೇ ಬಂದೆ.

ಬಂಗಾರಪೇಟೆ ಪಾನಿಪೂರಿ ಅಂತ ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ ಬೋರ್ಡ್ ಇದೆ. ಆ ಬಣ್ಣ ಇಲ್ಲದ ಖಾರದ ನೀರು ನಮ್ಮ ಕಡೆಯ ಹೆಸರನ್ನ ಎಷ್ಟೋ ಊರಿಗೆ ಒಯ್ದಿದೆ. ಅದನ್ನ ಬೆಳೆಸಿದ್ದು ತಳ್ಳುಗಾಡಿ. ಆ ತಳ್ಳುಗಾಡಿ ನಿಲ್ಲೋ ಜಾಗದಲ್ಲೇ ಊರಿನ ಅಧಿಕಾರ, ಪೊಲೀಸ್ ಅಧಿಕಾರ ಎರಡೂ ಎದುರುಬದುರಾಗ್ತವೆ.

ಕಾನೂನು ಏನು ಹೇಳುತ್ತೆ? 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ನೂರಕ್ಕೆ ನಲವತ್ತು ಜನ ವ್ಯಾಪಾರಿಗಳೇ, ತಮ್ಮೊಳಗೆ ಚುನಾವಣೆ ಮಾಡಿ ಆರಿಸಿದವರು. ಪೊಲೀಸರೂ ಆ ಸಮಿತಿಯಲ್ಲಿ ಕೂರ್ತಾರೆ. ಗಾಡಿ ಎಬ್ಬಿಸಬೇಕು ಅಂದ್ರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದ್ರೆ ಪಟ್ಟಿ ಬರೆದು ಕೊಡಬೇಕು. ಕೆಟ್ಟುಹೋಗೋ ಪದಾರ್ಥ ಆದ್ರೆ ಕೇಳಿದ ದಿನವೇ ಬಿಡಬೇಕು. ಪ್ರಮಾಣಪತ್ರ ಇರೋ ವ್ಯಾಪಾರಿಯನ್ನ ಪೊಲೀಸರಾಗಲಿ ಬೇರೆ ಯಾರಾಗಲಿ ತಡೆಯೋ ಹಾಗಿಲ್ಲ ಅಂತ 27ನೇ ಕಲಂ ನೇರವಾಗಿ ಹೇಳುತ್ತೆ.

ಈಗ ನಿಮ್ಮ ಗಾಡಿ ಅಣ್ಣನ ಹತ್ತಿರ ಹೋಗಿ ಕೇಳಿ. ‘ಅಣ್ಣ, ಸಮಿತಿ ಚುನಾವಣೆಗೆ ವೋಟು ಹಾಕಿದ್ರಾ?’ ಆಮೇಲೆ ಇನ್ನೊಂದು ಕೇಳಿ. ‘ಲಾಠಿ ನೋಡಿದ್ರಾ?’ ಎರಡಕ್ಕೂ ಬರೋ ಉತ್ತರ ಪಕ್ಕಪಕ್ಕ ಬರ್ಕೊಳ್ಳಿ. ನನ್ನ ವಾದ ಅಷ್ಟೇ.

ಕಾನೂನಲ್ಲಿ ಸಮಿತಿ ಮೊದಲು, ಪೊಲೀಸ್ ಆಮೇಲೆ. ಬೀದಿಯಲ್ಲಿ ಪೊಲೀಸ್ ಮೊದಲು, ಸಮಿತಿಯನ್ನ ಹುಡುಕಬೇಕು.

8/10

‘ಹಂಗಾದ್ರೆ ಪೊಲೀಸರನ್ನ ಕೌನ್ಸಿಲರ್ ಕೈಗೆ ಕೊಟ್ಬಿಡೋಣ್ವಾ?’ ಅಂತ ಒಬ್ಬ ಫ್ರೆಂಡ್ ಡ್ರಾಫ್ಟ್ ಓದಿ ನಕ್ಕ.

ಹೊರಗಡೆ ಹಂಗೂ ಇದೆ ಮಚ್ಚಾ. ಅಮೆರಿಕದ ಎಷ್ಟೋ ನಗರಗಳಿಗೆ ತಮ್ಮದೇ ಚಾರ್ಟರ್ ಇರುತ್ತೆ, ಅಂದ್ರೆ ಆ ಊರಿನ ಸಂವಿಧಾನ. ಲಾಸ್ ಏಂಜಲೀಸಲ್ಲಿ ಪೊಲೀಸ್ ಇಲಾಖೆ ನಗರದ್ದೇ. ಅದರ ಮೇಲೆ ಐದು ಜನ ನಾಗರಿಕರ ಪೊಲೀಸ್ ಕಮಿಷನ್ ಇದೆ, ಅವರನ್ನ ನೇಮಿಸೋದು ಮೇಯರ್. ಅಲ್ಲಿ ಪೊಲೀಸ್ ದೌರ್ಜನ್ಯ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದ್ರೆ ಬೈಯೋಕೆ ಒಂದು ವಿಳಾಸ ಇದೆ, ಆ ವಿಳಾಸ ಅದೇ ಊರಲ್ಲಿದೆ, ಮುಂದಿನ ಚುನಾವಣೆಯಲ್ಲಿ ಬದಲಾಯಿಸಬಹುದು.

ನಮಗೆ ಚಾರ್ಟರ್ ಅನ್ನೋದು ಹೊಸದೂ ಅಲ್ಲ. ನಮ್ಮ ಲೈನ್‌ಗಳಲ್ಲಿ ಎಷ್ಟೋ ಮನೆಗಳ ಬೇರು ಇರೋ ತಮಿಳುನಾಡಲ್ಲೇ, ಮದ್ರಾಸಿಗೆ 1687ರ ಚಾರ್ಟರ್ ಮೂಲಕ ಕಾರ್ಪೊರೇಷನ್ ಬಂತು. ಸ್ವಾತಂತ್ರ್ಯ ಬಂದ ಮೇಲೆ ನಾವು ಆರಿಸಿಕೊಂಡ ದಾರಿ ಬೇರೆ. ಸಂವಿಧಾನದ ರಾಜ್ಯ ಪಟ್ಟಿಯಲ್ಲಿ 2ನೇ ನಮೂದು ಪೊಲೀಸ್, 5ನೇ ನಮೂದು ಸ್ಥಳೀಯ ಸರ್ಕಾರ. ಎರಡರ ಕೀಲಿಯೂ ಬೆಂಗಳೂರಲ್ಲಿ. 74ನೇ ತಿದ್ದುಪಡಿ 1993ರ ಜೂನ್ 1ಕ್ಕೆ ಜಾರಿಗೆ ಬಂದು ನಗರಸಭೆಗಳಿಗೆ 18 ವಿಷಯಗಳ ಪಟ್ಟಿ ತೋರಿಸ್ತು. ನೀರು, ರಸ್ತೆ, ಕಸ, ಸ್ಲಂ ಸುಧಾರಣೆ, ಬೀದಿ ದೀಪ. ಪೊಲೀಸ್ ಅದರಲ್ಲಿ ಇಲ್ಲ. ಇರೋ ಹದಿನೆಂಟನ್ನೂ ‘ಕೊಡಬಹುದು’ ಅಂದಿದೆ, ‘ಕೊಡಲೇಬೇಕು’ ಅಂದಿಲ್ಲ.

ವಾರ್ಡ್ ಸಮಿತಿ? ಸಂವಿಧಾನ ಕಡ್ಡಾಯ ಮಾಡಿರೋದು 3 ಲಕ್ಷ ಜನಸಂಖ್ಯೆ ಮೇಲಿನ ಊರಿಗೆ. 2011ರ ಜನಗಣತಿಯಲ್ಲಿ ರಾಬರ್ಟ್‌ಸನ್‌ಪೇಟೆ 1.62 ಲಕ್ಷ. ಬಂಗಾರಪೇಟೆ ಇನ್ನೂ ಚಿಕ್ಕದು. ಅಂದ್ರೆ ನಮ್ಮ ಬೀದಿಯವರು ಕೂತು ಮಾತಾಡೋ ಸಮಿತಿ ಕೇಳೋಕೆ ನಾವು ಸಂಖ್ಯೆಯಲ್ಲಿ ಸಾಲಲ್ಲ. ಬೇರೆ ಪೊಲೀಸ್ ಜಿಲ್ಲೆ ಆಗೋಕೆ ಮಾತ್ರ ಸಾಕು.

ನಾನು ಪೊಲೀಸರನ್ನ ಕೌನ್ಸಿಲರ್ ಕೈಗೆ ಕೊಡಿ ಅಂತಿಲ್ಲ. ಕೌನ್ಸಿಲರ್ ಕೈಗೆ ಕೌನ್ಸಿಲರ್ ಅಧಿಕಾರವನ್ನಾದ್ರೂ ಕೊಡಿ ಅಂತಿದ್ದೀನಿ. ‘ಅವರೆಲ್ಲ ಕಳ್ಳರು’ ಅಂತೀರ. ಇರಬಹುದು. ಕಳ್ಳರಾಗಿದ್ರೆ ಐದು ವರ್ಷಕ್ಕೊಮ್ಮೆ ಬಾಗಿಲಿಗೆ ಬರೋ ಕಳ್ಳರು. ವರ್ಗಾವಣೆ ಆದೇಶದ ಮೇಲೆ ಬಂದು ವರ್ಗಾವಣೆ ಆದೇಶದ ಮೇಲೆ ಹೋಗೋರನ್ನ ನೀವು ಎಲ್ಲಿ ಹಿಡೀತೀರ?

9/10

ದೊಡ್ಡ ಆಕ್ಷೇಪಣೆ ನನಗೂ ಗೊತ್ತು. ‘ಕೆಜಿಎಫ್ ಅಂದ್ರೆ ರೌಡಿಗಳ ಊರು, ಇಲ್ಲಿ ಸ್ಟ್ರಿಕ್ಟ್ ಇಲ್ಲದೆ ಆಗಲ್ಲ.’

ಈ ಮಾತನ್ನ ಸಿನಿಮಾ ಬರೋಕೆ ಮುಂಚೆಯೂ ಹೇಳ್ತಿದ್ರು, 2018ರ ಆಮೇಲೆ ಹೆಮ್ಮೆಯಿಂದ ಹೇಳೋಕೆ ಶುರು ಮಾಡಿದ್ರು. ಬೆಂಗಳೂರಲ್ಲಿ ಪಿಜಿ ಕೇಳೋಕೆ ಹೋದಾಗ ಊರಿನ ಹೆಸರು ಹೇಳಿದ ತಕ್ಷಣ ಮಾಲೀಕರ ಮುಖ ಬದಲಾಗೋದು ನಿಮಗೂ ಆಗಿರುತ್ತೆ. ಆಗ ಬೇಜಾರಾಗ್ತೀವಿ. ರೀಲ್ ಕೆಳಗೆ ಅದೇ ಮಾತನ್ನ ನಾವೇ ಬರೀತೀವಿ.

ರೌಡಿ ಇದ್ರೆ ಕೇಸ್ ಹಾಕಿ, ಸಾಕ್ಷಿ ತನ್ನಿ, ಕೋರ್ಟಲ್ಲಿ ಶಿಕ್ಷೆ ಕೊಡಿಸಿ. ಅದು ಕಷ್ಟದ ಕೆಲಸ, ಅದನ್ನ ಮಾಡಿದ ಪೊಲೀಸರಿಗೆ ನಾನೂ ಸಲ್ಯೂಟ್ ಹಾಕ್ತೀನಿ. ಬಸ್ಕಿ ಸುಲಭ. ಬಸ್ಕಿ ಹೊಡೆಸಿಕೊಳ್ಳೋನು ಯಾವತ್ತೂ ನಿಜವಾದ ರೌಡಿ ಆಗಿರಲ್ಲ, ಯಾಕಂದ್ರೆ ನಿಜವಾದ ರೌಡಿಗೆ ಫೋನ್ ಮಾಡೋಕೆ ಒಬ್ಬ ಲೀಡರ್ ಇರ್ತಾನೆ. ನಮ್ಮ ಅಣ್ಣನ ಹತ್ತಿರ ಇದ್ದಿದ್ದು ರೈಲ್ವೆ ಪಾಸು.

ಕಾನ್‌ಸ್ಟೇಬಲ್‌ಗಳ ಕಷ್ಟ ನನಗೆ ಗೊತ್ತಿಲ್ಲ ಅನ್ಕೋಬೇಡಿ. ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಹಬ್ಬಕ್ಕೆ ರಜೆ ಇಲ್ಲ, ಊಟಕ್ಕೆ ಹೊತ್ತಿಲ್ಲ. ಅವರ ಕೈಗೆ ಊರಿನ ಎಲ್ಲ ಕೆಲಸವನ್ನೂ ನಾವೇ ಹಾಕಿದ್ದೀವಿ. ಗಾಡಿ ಜಾಗ ಗುರುತು ಮಾಡದೆ ಹೋದ್ರೆ ಪೊಲೀಸ್. ಪಾರ್ಕಿಂಗ್ ಮಾಡದೆ ಹೋದ್ರೆ ಪೊಲೀಸ್. ಆಟದ ಮೈದಾನ ಕೊಡದೆ ಹುಡುಗರು ರಸ್ತೆ ಮೇಲೆ ನಿಂತ್ರೆ ಪೊಲೀಸ್. ಊರು ನಡೆಸೋರು ಇಲ್ಲದ ಕಡೆ ಊರು ಕಾಯೋರೇ ಎಲ್ಲ ಆಗಿಬಿಡ್ತಾರೆ. ಅವರಿಗೂ ಅದು ಒಳ್ಳೇದಲ್ಲ.

ಆ ರೀಲನ್ನ ಇನ್ನೊಂದು ಸಲ ನೋಡಿ. ಆ ರಸ್ತೆಯಲ್ಲಿ ಬೆಳಕು ಎಲ್ಲಿಂದ ಬರ್ತಿದೆ? ಜೀಪಿನಿಂದ. ಬೇರೆ ಒಂದು ದೀಪ ಇಲ್ಲ. ಕಂಬ ಇದೆ, ಉರೀತಿಲ್ಲ. ಕತ್ತಲಲ್ಲಿ ಬರ್ತಿದ್ದಾರೆ ಅಂತಲೇ ತಾನೇ ಅನುಮಾನ ಬಂದಿದ್ದು? ಬೀದಿ ದೀಪ ಹಾಕೋದು 1964ರ ಕಾಯ್ದೆಯ 87ನೇ ಕಲಂ ಪ್ರಕಾರ ಕಡ್ಡಾಯ ಕರ್ತವ್ಯ. ದೀಪ ಹಾಕದೋರಿಗೆ ಯಾರೂ ಬಸ್ಕಿ ಹೊಡೆಸಿಲ್ಲ. ಕತ್ತಲಲ್ಲಿ ನಡೆದವನಿಗೆ ಹೊಡೆಸಿದ್ರು. ನೀವು ‘ಸೂಪರ್’ ಅಂದ್ರಿ.

10/10

ಬೈದು ಹೋಗೋಕೆ ಇಷ್ಟು ಬರೆದಿಲ್ಲ. ಮಾಡೋಕೆ ಆಗೋ ಕೆಲಸ ಹೇಳ್ತೀನಿ.

ಒಂದು. ನಿಮ್ಮ ಬೀದಿಯ ಉರಿಯದ ದೀಪಗಳನ್ನ ಎಣಿಸಿ. ಕಂಬದ ನಂಬರ್ ಬರ್ಕೊಂಡು ನಗರಸಭೆಗೋ ಪುರಸಭೆಗೋ ಅರ್ಜಿ ಕೊಡಿ. ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಬರಬೇಡಿ. ಉತ್ತರ ಬರದಿದ್ರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ, 30 ದಿನ. ದೀಪದ ಗುತ್ತಿಗೆ ಯಾರದು, ಬಿಲ್ ಎಷ್ಟು ಕೊಟ್ಟಿದ್ದೀರಿ ಅಂತ ಕೇಳಿ. ಬಿಕಾಂ ಓದಿರೋದು ಯಾವಾಗ ಉಪಯೋಗಕ್ಕೆ ಬರೋದು?

ಎರಡು. ಅದೇ ರೀತಿ ಪಟ್ಟಣ ಮಾರಾಟ ಸಮಿತಿಯ ಸದಸ್ಯರ ಪಟ್ಟಿ, ಕಳೆದ ಸಭೆಯ ನಡಾವಳಿ ಕೇಳಿ. ನಕಲು ಬಂದ್ರೆ ಗಾಡಿ ಅಣ್ಣನಿಗೂ ಅಕ್ಕನಿಗೂ ಓದಿ ಹೇಳಿ.

ಮೂರು. ನಿಮ್ಮನ್ನ ಯಾರಾದ್ರೂ ಪೊಲೀಸರು ನಿಲ್ಲಿಸಿದ್ರೆ ಮರ್ಯಾದೆಯಿಂದ ಉತ್ತರ ಕೊಡಿ, ವಾದ ಬೇಡ, ಓಡಬೇಡಿ. ಹೆಸರು, ಸಮಯ, ಜಾಗ ನೆನಪಿಟ್ಕೊಳ್ಳಿ. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರಲ್ಲಿ ಹೇಳಿದೆ. ಪೊಲೀಸರ ಮೇಲೆ ದೂರು ಕೊಡೋಕೆ ಪೊಲೀಸ್ ದೂರು ಪ್ರಾಧಿಕಾರ ಅಂತ ಇದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ತಿದ್ದಿ ತಂದಿದ್ದು, ರಾಜ್ಯಕ್ಕೊಂದು, ಜಿಲ್ಲೆಗೊಂದು. ಇನ್ನು ನಿಮ್ಮ ಮೇಲೇ ಅಪರಾಧ ಆಗಿ, ‘ಇದು ನಮ್ಮ ಲಿಮಿಟ್ಸ್ ಅಲ್ಲ, ರೈಲ್ವೆ ಪೊಲೀಸ್ ಹತ್ರ ಹೋಗು’ ಅಂತ ಓಡಾಡಿಸಿದ್ರೆ, ಗಂಭೀರ ಅಪರಾಧದ ಮಾಹಿತಿಯನ್ನ ಯಾವ ಠಾಣೆಯಲ್ಲಿ ಬೇಕಾದ್ರೂ ಕೊಡಬಹುದು ಅಂತ ಹೊಸ ಸಂಹಿತೆಯ 173ನೇ ಕಲಂ ಹೇಳುತ್ತೆ. ದಿನಾ ಮಾರಿಕುಪ್ಪಂ ರೈಲು ಹತ್ತೋ ಹುಡುಗಿಯರು ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ನಾಲ್ಕು. ಮುಂದಿನ ಸಲ ವೋಟು ಕೇಳೋಕೆ ಬಂದವರಿಗೆ ಒಂದೇ ಪ್ರಶ್ನೆ. ‘3 ಲಕ್ಷ ಇಲ್ಲದಿದ್ರೂ ನಮ್ಮೂರಿಗೆ ವಾರ್ಡ್ ಸಮಿತಿ ಕೊಡಿಸ್ತೀರಾ? ತಿಂಗಳಿಗೊಮ್ಮೆ ಕೌನ್ಸಿಲರ್, ಠಾಣಾಧಿಕಾರಿ ಇಬ್ಬರೂ ಜನರ ಮುಂದೆ ಒಟ್ಟಿಗೆ ಕೂರ್ತಾರಾ?’ ಎಂಎಲ್ಎಗೆ ಕೇಳಿ, ಅವರೂ ನಗರಸಭೆಯಲ್ಲಿ ವೋಟು ಇರೋ ಸದಸ್ಯರೇ.

ಐದನೆಯದು ಎಲ್ಲಕ್ಕಿಂತ ಸುಲಭ. ಆ ಕಾಮೆಂಟ್ ಅಳಿಸಿ. ನನಗೆ ಹೇಳೋದು ಬೇಡ, ಸಾರಿ ಬೇಡ. ಸುಮ್ಮನೆ ಹೋಗಿ ಅಳಿಸಿಬಿಡಿ.

ಅಣ್ಣ ಈಗ ಓಟಿ ಮಾಡ್ತಿಲ್ಲ. ಬೆಳಕು ಇರೋ ಹೊತ್ತಿಗೇ ಮನೆ ಸೇರೋ ಹಾಗೆ ಮುಂಚಿನ ರೈಲು ಹಿಡೀತಾನೆ. ‘ಯಾಕೋ?’ ಅಂದ್ರೆ ‘ಸುಸ್ತಾಗುತ್ತೆ’ ಅಂತಾನೆ. ಇಪ್ಪತ್ತನಾಲ್ಕು ವರ್ಷ ಅವನಿಗೆ.

ಆ ರಸ್ತೆಯ ಕಂಬಗಳಿಗೆ ನಾನು ಅರ್ಜಿ ಕೊಟ್ಟಿದ್ದೀನಿ. ಸೀಲ್ ಹಾಕಿದ ಪ್ರತಿಯ ಫೋಟೋ ಕೊನೇ ಸ್ಲೈಡಲ್ಲಿದೆ, ಊರಿನ ಹೆಸರು ಮುಚ್ಚಿದ್ದೀನಿ. ಅದೇ ಮಾದರಿ ನೋಡ್ಕೊಂಡು ನಿಮ್ಮ ಬೀದಿಗೂ ಬರೀರಿ. ದೀಪ ಹತ್ತಿದ ದಿನ ಇಲ್ಲೇ ಬಂದು ಹೇಳ್ತೀನಿ.

#ಕೆಜಿಎಫ್ #ಬಂಗಾರಪೇಟೆ #ರಾಬರ್ಟ್‌ಸನ್‌ಪೇಟೆ #ನಮ್ಮೂರುನಮ್ಮಸಹಿ #ಬೀದಿದೀಪ